ಹಲಸಿನ ಬೇರಿಗೆ ಹೊರಗಿನ ಸಾಕ್ಷಿ

ಸ್ನೇಹಿತರೇ, ಇವತ್ತು ದೊಡ್ಡಬಳ್ಳಾಪುರದ ನಮ್ಮ ತೋಟದಲ್ಲಿ ಹಣ್ಣಿನ ವಾಸನೆಗೆ ತೂಕಡಿಸುತ್ತಿದ್ದೆ. ಲ್ಯಾಪ್‌ಟಾಪು ಮಾತ್ರ ಮನೆತನದ ಹಲಸಿನ ಮರಗಳ ಜೀನ್ ಹೋಲಿಸಿ, ಅವುಗಳ ವಂಶವೃಕ್ಷದಲ್ಲಿ ಬೇರು, ಅಂದರೆ ಮೊದಲು ಕವಲೊಡೆದ ಜಾಗ, ಎಲ್ಲಿದೆಯೆಂದು ಬೆಳಗಿನಿಂದ ಒಂದೊಂದೇ ಕವಲನ್ನು ತಡಕುತ್ತಿತ್ತು. ಚಿಕ್ಕಪ್ಪನದಲ್ಲ, ತಮ್ಮ ಮರವೇ ಎಲ್ಲಕ್ಕೂ ಹಿರಿಯದೆಂಬುದು ದೊಡ್ಡಮ್ಮನ ಹಠ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಇಣುಕಿದರು.

"ಯಾವ್ದು ದೊಡ್ಮನೆ ಅಂತ ಅಣ್ತಮ್ಮಂದ್ರು ಕಿತ್ತಾಡಿದ್ರೆ, ಹೊರಗಿಂದ ಬಂದ ನೆಂಟ್ರು ಮೊದ್ಲು ಯಾರ ಮನೆಗ್ ಹೋಗ್ತಾರೆ ಅಂತ ನೋಡ್ತೀವಿ. ಹಿಪ್ಪುನೇರಳೆ ಹಲಸಿಗೆ ದೂರದ ನೆಂಟ ಅಂದಿದ್ಯಲ್ಲ, ಅದನ್ನ ಕರಿ!"

ಹಿಪ್ಪುನೇರಳೆಯ ಜೀನ್ ಮಾಹಿತಿ ಸೇರಿಸಿದೆ. ಅರೆಗಳಿಗೆಯಲ್ಲಿ ಅದು ಚಿಕ್ಕಪ್ಪನ ಮರದ ಕವಲಿಗೆ ಹೋಗಿ ಅಂಟಿತು. ಬೇರು ಅಲ್ಲೇ ಇತ್ತು; ಎಲ್ಲಕ್ಕೂ ಮೊದಲು ಕವಲೊಡೆದದ್ದು ಚಿಕ್ಕಪ್ಪನ ಮರವೇ.

ದೊಡ್ಡಮ್ಮ ತೆರೆಯನ್ನೇ ದುರುಗುಟ್ಟಿ ನೋಡಿದರು. "ಆ ಹಿಪ್ಪುನೇರಳೆ ನಿನ್ ಚಿಕ್ಕಪ್ಪನ ಹೊಲದ್ದೇನ್ಲಾ?"

ನಾನು ಮತ್ತೆ ತೂಕಡಿಸುವವನಂತೆ ನಟಿಸಿದೆ.