ಮಾವನ ಗಾಡಿಗೆ ಲಾರಿ ಹಾರನ್ನು

ಪಿಯುಸಿ ಡುಮ್ಕಿ ಹೊಡೆದ ಮೇಲೆ ನಾನು ಮೆಕ್ಯಾನಿಕ್ ಆದೆ. ಮಳವಳ್ಳಿಯ ಒಂದು ಶೆಡ್ಡಿನಲ್ಲಿ ಎರಡು ದಿನ ಕೂತು ಟೀ ಕುಡಿದದ್ದೇ ನನ್ನ ವಿದ್ಯಾಭ್ಯಾಸ. ಆಮೇಲೆ ಗುತ್ತಲಿನ ನಮ್ಮ ಮನೆಯ ರೇಡಿಯೋ, ಇಸ್ತ್ರಿಪೆಟ್ಟಿಗೆ, ಟಾರ್ಚು ಒಂದೊಂದಾಗಿ ನನ್ನ ಕೈಯಲ್ಲೇ ಪ್ರಾಣ ಬಿಟ್ಟವು. ಅಪ್ಪ ನನ್ನನ್ನು ಮದ್ದೂರಿಗೆ, ಸೋದರಮಾವನ ಮನೆಗೆ ಸಾಗಹಾಕಿದರು.

ಮಾವ ದನದ ಆಸ್ಪತ್ರೆಯ ಕಾಂಪೌಂಡರ್. ಹಳ್ಳಿ ಸುತ್ತಲು ಅವರಿಗೊಂದು ಮೋಟರ್ ಸೈಕಲ್ ಇತ್ತು. ಆ ಎಪ್ಪತ್ತರ ದಶಕದಲ್ಲಿ ಅದೇ ದೊಡ್ಡ ಗತ್ತು. ಆದರೆ ಅದರ ಹಾರನ್ನು ಕೆಮ್ಮು ಹಿಡಿದ ಆಡಿನ ಹಾಗೆ. ಫ್ಯಾಕ್ಟರಿಗೆ ಕಬ್ಬು ಇಳಿಸಿ ವಾಪಸಾಗುವ ಎತ್ತಿನಗಾಡಿಗಳು ರಸ್ತೆ ತುಂಬ ಇರುತ್ತಿದ್ದವು. ಎತ್ತುಗಳಿಗೆ ಊರ ದಾರಿ ಗೊತ್ತು. ಗಾಡಿಯವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸಲು ಲಾರಿ ಹಾರನ್ನೇ ಬೇಕೆಂದು ಗುಜರಿಯಿಂದ ಒಂದನ್ನು ತಂದು ಕಟ್ಟಿದೆ. ಒತ್ತಿದಾಗಲೆಲ್ಲ ಫ್ಯೂಸು ಹಾರುತ್ತಿತ್ತು. ಅದನ್ನು ಕಿತ್ತು ಆ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ತುರುಕಿದೆ. ತಂತಿಯ ಗಂಟುಗಳಿಗೆ ಮಾವನ ಚೀಲದಿಂದ ಬ್ಯಾಂಡೇಜು ಕದ್ದು ಸುತ್ತಿದೆ. ಈಗ ಒತ್ತಿದರೆ ಮದ್ದೂರಿನ ನಾಯಿಗಳು ಮಂಡ್ಯದವರೆಗೂ ಓಡಿದವು.

"ಪರವಾಗಿಲ್ಲ ಕಣ್ಲಾ, ಕೆಲ್ಸ ಬತ್ತದೆ ನಿಂಗೆ" ಅಂದರು ಮಾವ. ಅದುವರೆಗೆ ನನಗೆ ಯಾರೂ ಹಾಗೆ ಅಂದಿರಲಿಲ್ಲ.

ಒಂದು ಬೆಳಿಗ್ಗೆ ಬೆಸಗರಹಳ್ಳಿ ಕಡೆಯ ರೈತನೊಬ್ಬ ಬಸ್ಸಿಳಿದು ಓಡಿಬಂದ.

"ಡಾಕ್ಟ್ರೇ, ಅಸ ಒತ್ತಾರೆಯಿಂದ ಮುಕ್ಕರಿತಾ ಅದೆ. ಕರೂದು ಒಂದ್ ಕಾಲ್ ಮಾತ್ರ ಆಚೆ ಬಂದದೆ."

"ತಡ ಆದ್ರೆ ಎರಡೂ ಓಯ್ತವೆ, ಗಾಡಿ ಅತ್ತು" ಎಂದು ರೈತನನ್ನು ಕೂರಿಸಿಕೊಂಡು ಮಾವ ಕಿಕ್ಕರ್ ಒದ್ದರು. ಹಾರನ್ನಿನ ಪ್ರತಾಪ ನೋಡಲು ನಾನೂ ಹಿಂದೆ ಹತ್ತಿ ಕೂತೆ.

ಅರ್ಧ ದಾರಿಯಲ್ಲಿ ಗಾಡಿಸಾಲು ಸಿಕ್ಕಿತು. ಮಾವ ಹಾರನ್ನಿನಿಂದ ಬೆರಳು ತೆಗೆಯಲಿಲ್ಲ. ಮೂರನೆಯ ಗಾಡಿ ದಾಟುವಷ್ಟರಲ್ಲಿ ಟ್ಯಾಂಕಿನ ಅಡಿಯಿಂದ ಹೊಗೆ ಎದ್ದು, ಎಂಜಿನ್ ನಿಂತು, ತಂತಿಗಳು ಹೊತ್ತಿಕೊಂಡವು.

"ಮಣ್ ಆಕ್ಲಾ!" ಎಂದು ಮಾವ ಕಿರುಚಿದರು. ನಾನು ಮೊದಲ ಬೊಗಸೆಯನ್ನು ಅವರ ಮುಖಕ್ಕೇ ಎರಚಿದೆ.

ಎಚ್ಚರಗೊಂಡ ಗಾಡಿಯವನೊಬ್ಬ, "ಏನ್ ಡಾಕ್ಟ್ರೇ, ಗಾಡಿಗೂ ಬೀಡಿ ಸೇದೋದ್ ಕಲಿಸ್ಬುಟ್ರಾ?" ಅಂದ. ನಾನು ನಕ್ಕೆ. ರೈತ ನಗಲಿಲ್ಲ. ಪಂಚೆ ಎತ್ತಿ ಕಟ್ಟಿ ಊರ ಕಡೆ ಓಡತೊಡಗಿದ.

ಉರಿ ಆರಿದ ಮೇಲೆ ಮಾವ ಕರಕಲಾದ ಬೆಳ್ಳಿ ಕಾಗದವನ್ನು ಎತ್ತಿ ಹಿಡಿದರು.

"ಇದ್ಯಾಕ್ಲಾ?"

"ಫ್ಯೂಸ್ ಆರೋಯ್ತಿತ್ತು ಮಾವ."

"ಆರೋಗ್ಲಿ ಅಂತ್ಲೇ ಕಣ್ಲಾ ಅದನ್ನ ಮಡಗೋದು!"

ಬೇರೆ ದಾರಿಯಿಲ್ಲದೆ ಅದೇ ಎತ್ತಿನಗಾಡಿ ಹತ್ತಿದೆವು. ನಾನು ಬಾಲ ತಿರುಚಿದೆ, ಬೈದೆ, ಬೇಡಿಕೊಂಡೆ. ಎತ್ತುಗಳು ತಮ್ಮ ಪಾಡಿಗೆ ನಡೆದವು. ತಲುಪಿದಾಗ ಹಸು ಉಸಿರು ನಿಂತು ಕಾಲು ಚಾಚಿ ಬಿದ್ದಿತ್ತು. ರೈತ ಅದರ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕರುವಾದರೂ ಉಳಿದೀತೆಂದು ಮಾವ ಅಂಗಿಯ ತೋಳು ಮಡಚಿ ಕೈ ಹಾಕಿದರು. ಬಹಳ ಹೊತ್ತಿನ ಮೇಲೆ ಕರುವನ್ನು ಎಳೆದರು. ಅದೂ ಉಸಿರಾಡಲಿಲ್ಲ.

"ಒಂದ್ ಗಂಟೆ ಮುಂಚೆ ಬಂದಿದ್ರೆ..." ಎಂದು ಶುರುಮಾಡಿದ ಮಾವ ನನ್ನತ್ತ ನೋಡಿ ಕೈ ತೊಳೆಯಲು ಎದ್ದರು.

ರೈತನ ಹೆಂಡತಿ ಮಾವನ ಕೈಗೆ ನೀರು ಹುಯ್ಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ತಪ್ಪು ನಂದೇ" ಎಂದು ಫ್ಯೂಸು, ಬೆಳ್ಳಿ ಕಾಗದ, ತಂತಿ ಎಲ್ಲವನ್ನೂ ಒದರಿದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು.

"ಅಲ್ಲ ಕಣಪ್ಪ, ನಿಮ್ ಗಾಡಿ ತಂತಿ ಸುಟ್ಟೋದ್ರೆ ನಮ್ ಅಸ ಯಾಕ್ ಸಾಯ್ಬೇಕು?"

ಮಾವ ಗೋಡೆಗೆ ಒರಗಿದ್ದ ಗುದ್ದಲಿ ತೋರಿಸಿದರು. ನಾನು ಹಿತ್ತಲಿಗೆ ಹೋಗಿ ಗುಂಡಿ ತೋಡತೊಡಗಿದೆ. ಎರಡಕ್ಕೂ ಸಾಲುವಷ್ಟು ದೊಡ್ಡದಾಗಿ ತೋಡಬೇಕಿತ್ತು.