ಖಾರದ ಕೈ

ಇಂದು ಬೆಳಿಗ್ಗೆ ಸೊಸೆ ರೇಣುಕಾ ರಂಜಕ ರುಬ್ಬುತ್ತಿದ್ದಳು. ಕೆಂಪು ಮೆಣಸಿನಕಾಯಿ, ಉಪ್ಪು, ನಿಂಬೆಹುಳಿ. ಆ ವಾಸನೆ ಮೂಗಿಗೇರಿ ನಾನಿನ್ನೂ ಸೀನಬೇಕು, ಅಷ್ಟರಲ್ಲಿ ಅವಳು ಮಿಕ್ಸರ್ ನಿಲ್ಲಿಸಿ, ನನ್ನ ಮುಖ ನೋಡದೆ ಕೇಳಿದಳು: “ಅತ್ತಿ, ಈ ಕಾಯಿ ಬಣ್ಣ ಹೊಟ್ಯಾಗ ಹೋದ ಮ್ಯಾಲೂ ಉಳೀತೈತೇನ್ರಿ?”

ಸೀನು ಅರ್ಧಕ್ಕೇ ನಿಂತಿತು.

ಯಾಕೆಂದು ಹೇಳುತ್ತೇನೆ. ಊಟಕ್ಕೆ ಕುಳಿತಿದ್ದರೆ ಉಂಡು ಬನ್ನಿ; ಇದು ಮೂಲವ್ಯಾಧಿಯ ಮಾತು.

ಈಗ ಸೊಸೆ ಹೋಗುವ ಕೆಲಸಕ್ಕೇ ಹಿಂದೆ ನಾನು ಹೋಗುತ್ತಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಗೋಣಿಚೀಲದ ಮೇಲೆ ಕುಳಿತು ತೊಟ್ಟು ಬಿಡಿಸುವುದು. ಪಕ್ಕದಲ್ಲಿ ಮೆಹಬೂಬಿ. ಹದಿನೈದು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು. ಅವಳ ಅಳಿಯನ ಸಿಟ್ಟು ನನಗೆ ಗೊತ್ತು, ನನ್ನ ಗಂಡನ ಗೊರಕೆ ಅವಳಿಗೆ ಗೊತ್ತು.

ಆ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಸಂಜೆ ಮನೆ ಮುಟ್ಟುವವರೆಗೆ ಯಾರೂ ನೀರು ಕುಡಿಯುತ್ತಿರಲಿಲ್ಲ. ನೀರು ಕುಡಿದರೆ ಹೋಗಬೇಕು, ಹೋದರೆ ತೊಳೆದುಕೊಳ್ಳಬೇಕು, ತೊಳೆಯುವುದು ಅದೇ ಖಾರದ ಕೈಯಿಂದ. ಸಾಬೂನು ಹಚ್ಚಿ ಉಜ್ಜಿದರೂ ಖಾರ ಬಿಡುವುದಿಲ್ಲ. ಹೊಸಬಳೊಬ್ಬಳು ಮಧ್ಯಾಹ್ನ ಹೋಗಿ ಬಂದು ಕುಣಿದ ಕುಣಿತಕ್ಕೆ ನಾವು ವಾರಗಟ್ಟಲೆ ನಕ್ಕಿದ್ದೆವು. ನಾವು ಮಾತ್ರ ಒಂದಕ್ಕೂ ಎರಡಕ್ಕೂ ಹೋಗದೆ ಬಿಗಿಹಿಡಿದು ಕೂರುವ ಗಟ್ಟಿಗಿತ್ತಿಯರು! ಅದೇ ಒಂದು ದೊಡ್ಡಸ್ತಿಕೆ.

ಒಂದು ದಿನ ಮೆಹಬೂಬಿ ಕಿವಿಯ ಹತ್ತಿರ ಬಂದಳು. “ಅಕ್ಕಾ, ಸಂಡಾಸಕ್ಕ ಹೋದ್ರ ಕೆಂಪಗ ಬರಾಕತ್ತೈತಿ.”

“ಬ್ಯಾಡಗಿ ಕಾಯಿ ತಿಂತೀ, ಬಣ್ಣ ಬಿಡಲಾರದ ಏನ್ಮಾಡ್ತೈತಿ?” ಎಂದೆ. “ರೊಟ್ಟಿ, ಕಾಯಿಪಲ್ಯಾ ಬಿಟ್ಟು ಮೆತ್ತನ್ನ ಅನ್ನಾ ಉಣ್ಣು.”

ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳ ವೈದ್ಯ ಇದು. ಖರೇ ಹೇಳಬೇಕೆಂದರೆ ನನಗೂ ಕೆಂಪಗೆ ಬರುತ್ತಿತ್ತು. ನನಗೆ ನಾನು ಹೇಳಿಕೊಂಡ ಸುಳ್ಳನ್ನೇ ಅವಳಿಗೂ ದಾಟಿಸಿದೆ.

ಅವಳು ನಂಬಿದಳು. ಮೂರು ತಿಂಗಳಿಗೆ ಅವಳ ತುಟಿ ಸುಣ್ಣದಂತೆ ಬೆಳ್ಳಗಾಯಿತು. ಒಂದು ಮಧ್ಯಾಹ್ನ ಏಳಲು ಹೋದವಳು ಮೆಣಸಿನಕಾಯಿ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಕಣ್ಣಿಗೆ ಖಾರ ಹೊಕ್ಕರೂ ಕೂಗಲಿಲ್ಲ.

ಹಾವೇರಿ ಆಸ್ಪತ್ರೆಯಲ್ಲಿ ರಕ್ತದ ಬಾಟಲಿ ಏರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸಿಟ್ಟಿಗೆದ್ದಿದ್ದಳು. “ಇಷ್ಟು ರಕ್ತ ಹೋಗೋತನಕ ಏನ್ಮಾಡಾಕತ್ತಿದ್ರಿ?”

“ನಮ್ಮಕ್ಕ ಅದು ಬಣ್ಣ ಅಂದ್ಲ್ರಿ,” ಎಂದಳು ಮೆಹಬೂಬಿ, ನನ್ನತ್ತ ಕೈ ಮಾಡಿ.

ನೀರು ಯಾಕೆ ಕುಡಿಯುವುದಿಲ್ಲವೆಂದು ಕೇಳಿದಾಗ ಖಾರದ ಕೈಯ ಕಥೆ, ನಾನು ರೊಟ್ಟಿ ಬಿಡಿಸಿದ್ದು, ಎಲ್ಲಾ ಹೇಳಿದೆ. ಡಾಕ್ಟರಮ್ಮನ ಪೆನ್ನು ನಿಂತುಬಿಟ್ಟಿತು. ಆಮೇಲೆ ಮೆಲ್ಲಗೆ ಹೇಳಿದಳು: “ನೀರಿಲ್ಲದ, ತಡಕೊಂಡು ಕುಂತ್ರ ಮಲಾ ಕಲ್ಲಾಗತೈತಿ. ತಿಣುಕಿ ತಿಣುಕಿ ಅಲ್ಲಿನ ನರಾ ಊದಿ ಒಡೀತಾವ. ನೀವು ಬಿಡಿಸಿದ ರೊಟ್ಟಿನ, ಕಾಯಿಪಲ್ಯಾನ ಇದಕ್ಕ ಬೇಕಾಗಿದ್ದು. ಇನ್ನೊಂದು ಕೇಳ್ರಿ. ರಕ್ತ ಬಂದದ್ದೆಲ್ಲಾ ಮೂಲವ್ಯಾಧಿ ಅಲ್ಲ. ಕೆಟ್ಟ ರೋಗಾನೂ ಇರಬಹುದು. ಒಳಗ ನೋಡೇ ಹೇಳಬೇಕು.”

ಆಗ ನನ್ನ ಬಾಯಿ ತಾನೇ ತೆರೆಯಿತು: “ಹಂಗಾದ್ರ ನನಗೂ ನೋಡ್ರಿ.”

ಮಲಗಿದ್ದ ಮೆಹಬೂಬಿ ತಲೆ ಎತ್ತಿದಳು. “ನಿನಗೂ? ಥೂ ನಿನ್ನ! ನಿನಗೂ ಐತಿ ಅಂದಿದ್ರ ಇಬ್ರೂ ಕೂಡೇ ಬರ್ತಿದ್ವಲ್ಲೇ!”

ಇಬ್ಬರನ್ನೂ ಒಳಗೆ ನೋಡಿದರು, ಇಬ್ಬರದೂ ಮೂಲವ್ಯಾಧಿಯೇ. ಅವಳಿಗೆ ಊದಿದ ಗಂಟಿಗೆ ರಬ್ಬರ್ ಉಂಗುರ ಹಾಕಿದರು. ನನಗೆ ಔಷಧ, ಕೊಡಗಟ್ಟಲೆ ನೀರು, ರೊಟ್ಟಿ, ಮೆಂತ್ಯಪಲ್ಯ, ದಿನಾ ಅಗಲ ಬೋಗುಣಿಯಲ್ಲಿ ಬೆಚ್ಚಗಿನ ನೀರು ಹಾಕಿ ಕೂರುವುದು. ಅಷ್ಟಕ್ಕೇ ಹಿಡಿತಕ್ಕೆ ಬಂತು.

ಮನೆಯಲ್ಲಿ ಮಾತ್ರ ಸೊಂಟನೋವು ಎಂದಿದ್ದೆ. ಇಷ್ಟು ವರ್ಷವೂ ಅದನ್ನೇ ಹೇಳಿಕೊಂಡು ಬಂದೆ. ಮೆಹಬೂಬಿಯ ಬೈಗುಳ ತಿಂದೂ ನನಗೆ ಬುದ್ಧಿ ಬರಲಿಲ್ಲ. ಅದಕ್ಕೇ ಇವತ್ತು ಈ ಹುಡುಗಿ ಮಿಕ್ಸರ್ ಮುಂದೆ ನಿಂತು, ರಕ್ತವನ್ನು ಬಣ್ಣವೆಂದು ಕರೆದು, ಒಗಟು ಕೇಳುವಂತೆ ಕೇಳಬೇಕಾಯಿತು.

“ಎಷ್ಟು ದಿನಾ ಆತು?” ಎಂದೆ.

“ಎ... ಎರಡು ತಿಂಗಳಾತ್ರಿ.”

“ಅದು ಬಣ್ಣ ಅಲ್ಲ, ರಕ್ತ. ನನ್ನ ಸೊಂಟನೋವೂ ಸೊಂಟದಾಗ ಇರಲಿಲ್ಲ.”

ಅವಳು ಈಗ ನನ್ನ ಮುಖ ನೋಡಿದಳು. ತಂಬಿಗೆ ತುಂಬ ನೀರು ಕೊಟ್ಟೆ. “ಮೊದಲ ಇದನ್ನ ಕುಡಿ. ಆಮ್ಯಾಲೆ ಸೀರಿ ಬದಲಿಸು. ಹಾವೇರಿಗೆ ಹೋಗೂಣು, ಇಬ್ರೂ ಕೂಡೇ.”