ಶಂಕರಮ್ಮನಿಗಾಗಿ ಆರಿಸಿದ ಟೈರುಗಳು

ಪುಟ್ಟಸ್ವಾಮಿಯನ್ನು ಒಂದೇ ಮಾತಿಗೆ ಒಪ್ಪಿಸಿದವರು ಅತ್ತಿಗುಂಡಿಯಲ್ಲಿ ಇನ್ನೂ ಹುಟ್ಟಿಲ್ಲ. ಅಂಗಡಿಯವನು ಹೊಸ ಬೆಲ್ಲ ಅಂದರೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೇ ಹೂಂ ಅನ್ನುವ ಆಸಾಮಿ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಯಾವುದೋ ಗೊಬ್ಬರ ಹೊಗಳಿದ್ದಕ್ಕೆ ಎರಡು ವರ್ಷ ಅವರ ಗಿಡಗಳನ್ನೇ ನೋಡುತ್ತ ಕೂತು, ಮೂರನೇ ವರ್ಷ ತನ್ನ ಆರೆಕರೆ ಕಾಫಿಗೆ ಹಾಕಿದವನು. ಅಂಥವನು ಜೀಪಿಗೆ ನಾಲ್ಕು ಟೈರು ಆರಿಸಲು ಒಂದೂವರೆ ತಿಂಗಳು ತೆಗೆದುಕೊಂಡಾಗ ಊರಿಗೆ ನಗು ಬಂತು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅವನ ಹೆಂಡತಿ ಶಂಕರಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ತಪ್ಪದೆ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಅತ್ತಿಗುಂಡಿಯಿಂದ ಕೆಳಗೆ ಟಾರು ರಸ್ತೆ, ತಿರುವುಗಳಿದ್ದರೂ ಚಿಂತೆಯಿಲ್ಲ. ಕಷ್ಟವೆಲ್ಲ ತೋಟದಿಂದ ಅತ್ತಿಗುಂಡಿಯವರೆಗಿನ ಮೂರು ಕಿಲೋಮೀಟರಿನಲ್ಲಿತ್ತು. ಅದನ್ನು ರಸ್ತೆ ಅಂದರೆ ರಸ್ತೆಗೇ ಅವಮಾನ. ಮಳೆನೀರು ಕೊರೆದು ಬಿಟ್ಟ ಕೊರಕಲು, ಉದ್ದಕ್ಕೂ ಎದ್ದು ನಿಂತ ಕಲ್ಲುಗಳು. ಜೀಪಿನ ಹಳೇ ಟೈರುಗಳು ಸವೆದು ಬೋಳಾಗಿದ್ದವು. ನವೆಂಬರಿನ ಅಕಾಲ ಮಳೆಯಲ್ಲಿ ಫೋರ್ ವೀಲ್ ಹಾಕಿದರೂ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿ, ಒಂದು ಗುರುವಾರ ತಪ್ಪಿಹೋಯಿತು. ಭಾನುವಾರದ ಹೊತ್ತಿಗೆ ಶಂಕರಮ್ಮನ ಮುಖ ಊದಿಕೊಂಡು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುವಂತಾಯಿತು. ಅವತ್ತೇ ಪುಟ್ಟಸ್ವಾಮಿ ತೀರ್ಮಾನ ಮಾಡಿದ: ಮುಂದಿನ ಮಳೆಗಾಲದೊಳಗೆ ಒಳ್ಳೇ ಟೈರು ಹಾಕಿಸಬೇಕು, ಇನ್ನು ಒಂದು ದಿನವೂ ತಪ್ಪಬಾರದು.

ಶಂಕರಮ್ಮ ಮಿಷನ್ನಿನ ಪಕ್ಕ ಮಲಗಿರುವ ನಾಲ್ಕು ಗಂಟೆ ಅವನು ಜಯದೇವಪ್ಪನವರ ಟೈರಿನಂಗಡಿಯ ಬೆಂಚಿನ ಮೇಲೆ ಕೂರತೊಡಗಿದ. ಹಣೆತುಂಬ ವಿಭೂತಿ ಹಚ್ಚಿಕೊಳ್ಳುವ ಜಯದೇವಪ್ಪನವರಿಗೆ ಅವಸರ ಅಂದರೇನೆಂದು ಗೊತ್ತಿರಲಿಲ್ಲ.

"ಮೂರು ಥರ ಇದಾವೆ ನೋಡಿ ಗೌಡ್ರೇ. ಟಾರ್ ರಸ್ತೆದು ಮೆತ್ತಗಿರುತ್ತೆ, ಕೆಸರಲ್ಲಿ ಜಾರುತ್ತೆ. ದಪ್ಪ ದಪ್ಪ ಹಲ್ಲಿರೋ ಮಡ್ ಟೈರು ಎಂಥ ಕೆಸರಾದ್ರೂ ಕಿತ್ಕೊಂಡ್ ಬರುತ್ತೆ, ಕೂತೋರ ಸೊಂಟ ಮಾತ್ರ ಉಳಿಯಲ್ಲ. ಎರಡರ ನಡುವಿಂದು ಈ ಆಲ್ ಟೆರೇನ್. ನಿಮಗೆ ಹಿಡಿತ ಬೇಕಾ, ಮೆತ್ತಗೆ ಬೇಕಾ ಹೇಳಿ."

"ಹಿಡಿತ ನಂಗೆ ಬೇಕು. ಮೆತ್ತಗೆ ಅವ್ಳಿಗೆ ಬೇಕು," ಅಂದ ಪುಟ್ಟಸ್ವಾಮಿ. ಶಂಕರಮ್ಮನ ಕಾಯಿಲೆ ಮೂಳೆಗೂ ಇಳಿದಿತ್ತು. ಜೀಪು ಕುಲುಕಿದಾಗೆಲ್ಲ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಹಾಗಂತ ಅಂಗಡಿಯವರ ಮಾತು ನಂಬಿ ತಗೊಂಡರೆ ಅವನು ಪುಟ್ಟಸ್ವಾಮಿ ಹೇಗಾದಾನು? ಅತ್ತಿಗುಂಡಿಯಲ್ಲಿ ಪ್ರವಾಸಿಗರನ್ನು ಗುಡ್ಡ ಹತ್ತಿಸುವ ಜೀಪುಗಳಿಗೆ ಥರಾವರಿ ಟೈರುಗಳಿದ್ದವು. ಒಂದೊಂದರಲ್ಲೂ ಹತ್ತಿ ಕೂತ. ಅದೂ ಡ್ರೈವರಿನ ಪಕ್ಕದ ಸೀಟಿನಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು.

"ಏನ್ ಗೌಡ್ರೇ, ನೀವೂ ಟೂರಿಸ್ಟ್ ಆಗ್ಬಿಟ್ರಾ? ಕಂಬಿ ಹಿಡ್ಕೊಳ್ಳಿ ಮಾರಾಯ್ರೆ, ಬಿದ್ದೀರಿ," ಅಂದ ಜೀಪಿನ ದಯಾನಂದ.

"ಅವ್ಳ ಕೈಯಲ್ಲಿ ಕಂಬಿ ಹಿಡಿಯೋಷ್ಟು ಶಕ್ತಿ ಇಲ್ಲ ಕಣಯ್ಯ. ನಾನು ಹಿಡ್ಕೊಂಡ್ರೆ ಹೆಂಗ್ ಗೊತ್ತಾಗುತ್ತೆ?"

ದಯಾನಂದ ಆಮೇಲೆ ನಗಲಿಲ್ಲ. ಹೀಗೆ ಏಳು ಜೀಪುಗಳಲ್ಲಿ ಬೆನ್ನು ಬಡಿಸಿಕೊಂಡು ಪುಟ್ಟಸ್ವಾಮಿ ಒಂದು ಆಲ್ ಟೆರೇನ್ ಟೈರು ಗೊತ್ತುಮಾಡಿದ. ಜನವರಿಯ ಒಂದು ಗುರುವಾರ ಜಯದೇವಪ್ಪನವರು ನಾಲ್ಕೂ ಹಾಕಿ, ಗಾಳಿ ತುಂಬಿ ಕೊಟ್ಟರು. ಅವತ್ತು ಸಂಜೆ ಅತ್ತಿಗುಂಡಿ ದಾಟಿ ಕೊರಕಲು ಹಾದಿಗೆ ಇಳಿದಾಗ ಶಂಕರಮ್ಮ ನಿದ್ದೆ ಹೋಗಿದ್ದಳು. ಅಂಗಳದಲ್ಲಿ ಜೀಪು ನಿಂತ ಮೇಲೆ ಎಚ್ಚರವಾಗಿ, "ಆಗ್ಲೇ ಮನೆ ಬಂತೇನ್ರೀ?" ಅಂದಳು. ಪುಟ್ಟಸ್ವಾಮಿಯ ಮದುವೆಯ ದಿನವೂ ಅವನ ಮುಖದಲ್ಲಿ ಅಷ್ಟು ಸಂತೋಷ ಇದ್ದಿರಲಾರದು.

ಮಾರನೇ ದಿನ ಬೆಳಗ್ಗೆ ಹಲ್ಲುಜ್ಜುತ್ತ ಹೊಸ ಟೈರು ನೋಡಲು ಹೋದವನ ಹುಬ್ಬು ಗಂಟಾಯಿತು. ನಾಲ್ಕೂ ಟೈರು ನೆಲದ ಹತ್ತಿರ ಹೊಟ್ಟೆ ಬಿಟ್ಟುಕೊಂಡು ಕೂತಿದ್ದವು. "ಅಂಗಡಿಯೋರು ಗಾಳಿಗೂ ಜುಗ್ಗತನ ಮಾಡಿದಾರಲ್ಲ!" ಅಂದುಕೊಂಡ. ಗುಡ್ಡದ ಮೇಲೆ ಮೂವತ್ತು ವರ್ಷದಿಂದ ಕಾಫಿ ಮೂಟೆ ಹೇರಿದವನು ಅವನು. ಕುಯ್ಲಿನ ಕಾಲದಲ್ಲಿ ಟೈರು ಹೇಗಿರಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತು: ಹಿಮ್ಮಡಿಯಿಂದ ಒದ್ದರೆ ಕಾಲೇ ವಾಪಸು ಬರಬೇಕು. ಮೆತ್ತಗಿದ್ದರೆ ಕಲ್ಲು ಕೊಯ್ಯುತ್ತದೆ, ದಾರಿಯಲ್ಲಿ ಕೈಕೊಡುತ್ತದೆ. ಹಾಗೆ ಕೈಕೊಟ್ಟರೆ ಶಂಕರಮ್ಮನ ಗತಿ? ಮನೆಯ ಕಾಲು ಪಂಪು ತಂದು, ಬೆವರು ಸುರಿಯುವ ತನಕ ತುಳಿದು, ನಾಲ್ಕಕ್ಕೂ ಮೂಟೆ ಹೇರುವಾಗಿನ ಗಾಳಿ ತುಂಬಿಸಿದ. ಬೆಲ್ಲವನ್ನೂ ಪರೀಕ್ಷೆ ಮಾಡದೆ ಬಿಡದವನು ಇದೊಂದನ್ನು ಯಾರನ್ನೂ ಕೇಳಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಅಂದಿನಿಂದ ಪ್ರತಿ ಸೋಮವಾರ, ಗುರುವಾರ ಬೆಳಗ್ಗೆ ಕಾಫಿಗೂ ಮುಂಚೆ ಪಂಪು ತುಳಿಯುವುದು ಅವನಿಗೆ ಪೂಜೆಯ ಹಾಗಾಯಿತು. ದಾರಿಯಲ್ಲಿ, "ಟೈರು ಹೆಂಗಿದೆ?" ಅಂತ ಕೇಳುತ್ತಿದ್ದ. "ಚೆನ್ನಾಗಿದೆ ಕಣ್ರೀ," ಅನ್ನುತ್ತಿದ್ದಳು. ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೂತವನಿಗೆ ಕುಲುಕಾಟ ಅಷ್ಟಾಗಿ ತಿಳಿಯುತ್ತಿರಲಿಲ್ಲ. ತನ್ನ ಜೀಪಿನ ಆ ಪಕ್ಕದ ಸೀಟಿನಲ್ಲಿ ಅವನು ಒಂದು ದಿನವೂ ಕೂತು ನೋಡಲಿಲ್ಲ.

ಮಾರ್ಚಿನಲ್ಲಿ ಶಂಕರಮ್ಮ ಮೊದಲ ಸಲ, "ಇವತ್ತು ಬೇಡ ರೀ, ಸೋಮವಾರ ಹೋಗಣ," ಅಂದಳು. ಅವನು ಗದರಿಸಿ ಕರೆದುಕೊಂಡು ಹೋದ. ಏಪ್ರಿಲಿನಲ್ಲಿ ಗದರಿಸಿದರೂ ಏಳಲಿಲ್ಲ. ಪುಟ್ಟಸ್ವಾಮಿಗೆ ಸಿಟ್ಟು ನೆತ್ತಿಗೇರಿತು.

"ನಾನಿಷ್ಟು ಒದ್ದಾಡಿ ಟೈರ್ ಹಾಕ್ಸಿದ್ದು ಯಾರಿಗೆ? ನಿಂಗೆ ಬದುಕೋ ಮನಸ್ಸೇ ಇಲ್ಲ."

"ಹಂಗನ್ಬೇಡಿ," ಅಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಮೇ ತಿಂಗಳಲ್ಲಿ ಎರಡು ಸಲ ಸಾಲಾಗಿ ತಪ್ಪಿತು. ಮೂರನೆಯದಕ್ಕೆ ಹೊರಡುವ ಮೊದಲೇ, ಭಾನುವಾರ ಮಧ್ಯಾಹ್ನ, ಶಂಕರಮ್ಮ ಹೋಗಿಬಿಟ್ಟಳು.

ಪುಟ್ಟಸ್ವಾಮಿ ಅಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ, "ದಾರಿ ನಾನು ಮಾಡಿಕೊಟ್ಟಿದ್ದೆ. ಅವಳೇ ಬೇಡ ಅಂದ್ಲು," ಎಂದು ಹೇಳಿದ. ಹದಿಮೂರು ದಿನ ಕಳೆದರೂ ಹೆಂಡತಿಯ ಮೇಲಿನ ಸಿಟ್ಟು ಇಳಿಯಲಿಲ್ಲ. ದುಃಖಕ್ಕಿಂತ ಸಿಟ್ಟನ್ನು ಹೊತ್ತು ತಿರುಗುವುದು ಅವನಿಗೆ ಸಲೀಸಾಗಿತ್ತು.

ಜುಲೈನಲ್ಲಿ ಜೀಪು ಮಳೆಗೆ ಜಾರತೊಡಗಿತು. ಆರು ತಿಂಗಳಿಗೇ ಹೀಗಾದರೆ ಹೇಗೆ ಎಂದು ಜಗಳ ಕಾಯಲು ಜಯದೇವಪ್ಪನವರಲ್ಲಿಗೆ ಹೋದ. ವಸ್ತಾರೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ದೀಪಶ್ರೀ, ತಾಯಿಯ ಹೆಸರಿನ ಯಾವುದೋ ಕಾಗದಕ್ಕೆ ರುಜು ಹಾಕಲು ಅವತ್ತು ಪೇಟೆಗೆ ಬಂದವಳು, ಅಪ್ಪನ ಜೊತೆ ಅಂಗಡಿಯಲ್ಲಿದ್ದಳು.

ಜಯದೇವಪ್ಪನವರು ಬಗ್ಗಿ ಟೈರಿನ ಮೇಲೆ ಅಂಗೈ ಆಡಿಸಿದರು. "ಅಂಚು ಹೊಸದಿದ್ದಂಗೇ ಇದೆ. ನಡು ಮಾತ್ರ ಸವೆದಿದೆಯಲ್ಲ!" ಗಾಳಿ ಅಳೆಯುವ ಮೀಟರು ಒತ್ತಿ ನೋಡಿದರು. "ನಲವತ್ತಾರು! ಯಾರ್ರೀ ಇಷ್ಟು ಹಾಕಿದ್ದು?"

"ನಾನೇ. ನೀವು ಹಾಕ್ಕೊಟ್ಟಿದ್ದು ಸಾಲ್ದು. ಟೈರು ಹೊಟ್ಟೆ ಬಿಟ್ಟಿತ್ತು."

"ಅಯ್ಯೋ, ಇದರ ಗುಣಾನೇ ಅದು ಮಾರಾಯ್ರೆ. ಆ ಹೊಟ್ಟೆನೇ ಕಲ್ಲಿನ ಏಟು ನುಂಗೋದು. ಇಬ್ಬರು ಕೂತು ಹೋಗೋ ಜೀಪಿಗೆ ಇಪ್ಪತ್ನಾಲ್ಕು ಧಾರಾಳ ಆಯ್ತು. ನಲವತ್ತಾರು ಅಂದ್ರೆ ಮರದ ಗಾಲಿ ಕಟ್ಟಿದಂಗೆ. ನಡು ಮಾತ್ರ ನೆಲ ಮುಟ್ಟುತ್ತೆ, ಜಾರದೆ ಇನ್ನೇನು. ಪಾಪ, ಅಮ್ಮೋರನ್ನ ಇದ್ರಲ್ಲೇ ಕರ್ಕೊಂಡ್ ಬರ್ತಿದ್ರಾ?"

ಪುಟ್ಟಸ್ವಾಮಿ ತಿರುಗಿ ನೋಡಿದ. ಹಿಂದೆ ದೀಪಶ್ರೀ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು.

"ಏನವ್ವ?"

"ಅಮ್ಮಂಗೆ ದಾರಿ ತಡ್ಕೊಳ್ಳಕ್ಕೆ ಆಗ್ತಿರ್ಲಿಲ್ಲ ಅಪ್ಪ. ಹೋಗಿಬಂದ್ರೆ ಎರಡು ದಿನ ಬೆನ್ನು ನೆಲಕ್ಕೆ ಹಾಕಕ್ಕೆ ಆಗ್ತಿರ್ಲಿಲ್ಲ. ಮೊದಲನೇ ದಿನ ಹೂವಿನ ಮೇಲೆ ಬಂದಂಗಾಗಿತ್ತು, ಈಗ ನನ್ನ ಮೂಳೆನೇ ಕೆಟ್ಟೋಗಿದಾವೆ ಅಂತಿದ್ರು. ಅಪ್ಪಂಗೆ ಹೇಳ್ಬೇಡ, ಟೈರ್ ತಂದು ಅಷ್ಟು ಖುಷಿಯಾಗಿದಾರೆ ಅಂತ ಆಣೆ ಹಾಕ್ಸಿದ್ರು."

"ಮತ್ತೆ ಬದುಕೋದು ಬೇಡ ಅಂದ್ಲಲ್ಲ?"

"ಯಾವತ್ತು ಅಂದ್ರು? ನನ್ನ ಮಗಳನ್ನ ಶಾಲೆಗೆ ಸೇರ್ಸೋದು ನೋಡ್ಬೇಕು ಅಂತಿದ್ರು. ಆ ಮೂರು ಕಿಲೋಮೀಟರ್ ನೆನೆಸ್ಕೊಂಡ್ರೆ ಮಾತ್ರ ಹೆದರ್ಕೊಳ್ಳೋರು."

ಜಯದೇವಪ್ಪನವರು ಒಂದೊಂದೇ ಟೈರಿನ ಗಾಳಿಯನ್ನು ಇಪ್ಪತ್ನಾಲ್ಕಕ್ಕೆ ಇಳಿಸಿದರು. ಆ ಸುಯ್ ಸದ್ದು ನಿಲ್ಲುವ ತನಕ ಪುಟ್ಟಸ್ವಾಮಿ ಅಲುಗಾಡದೆ ನಿಂತಿದ್ದ. ಮಗಳನ್ನು ವಸ್ತಾರೆ ಬಸ್ಸಿಗೆ ಹತ್ತಿಸಿ, ಮಳೆಯಲ್ಲೇ ಗುಡ್ಡ ಹತ್ತಿದ.

ಅತ್ತಿಗುಂಡಿ ದಾಟಿ ಕೊರಕಲಿಗೆ ಇಳಿದ ಜೀಪು ಕಲ್ಲಿನಿಂದ ಕಲ್ಲಿಗೆ ಮೆಲ್ಲಗೆ ಕಾಲಿಟ್ಟು ನಡೆಯಿತು. ಕೆಸರಿನಲ್ಲಿ ಜಾರಲೂ ಇಲ್ಲ. ಮೂರು ಕಿಲೋಮೀಟರು ಮುಗಿದು ತೋಟದ ಗೇಟು ಬಂತು. ಪುಟ್ಟಸ್ವಾಮಿ ಗೇಟು ದಾಟಲಿಲ್ಲ. ಜೀಪು ತಿರುಗಿಸಿ ಅತ್ತಿಗುಂಡಿಯವರೆಗೆ ಹೋದ, ವಾಪಸು ಬಂದ, ಮತ್ತೆ ತಿರುಗಿಸಿದ. ಮೂರನೇ ಸಲ ಬರುವಾಗ ದಾರಿ ಪಕ್ಕದಲ್ಲಿ ಚರಂಡಿ ಬಿಡಿಸುತ್ತಿದ್ದ ತೋಟದ ಮೇಸ್ತ್ರಿ ಭೂತಯ್ಯ ಗುದ್ದಲಿ ಬಿಟ್ಟು ಅಡ್ಡ ಬಂದ.

"ಏನ್ ಗೌಡ್ರೇ, ಏನಾದ್ರೂ ಬೀಳಿಸ್ಕೊಂಡ್ರಾ? ಹುಡುಕ್ಲಾ?"

ಪುಟ್ಟಸ್ವಾಮಿ ಎಂಜಿನ್ನು ನಿಲ್ಲಿಸಿದ. ಏನೋ ಹೇಳಲು ಬಾಯಿ ತೆರೆದವನಿಗೆ ಎರಡು ತಿಂಗಳಿಂದ ಬಾರದಿದ್ದ ಅಳು ಒಟ್ಟಿಗೇ ನುಗ್ಗಿ ಬಂತು. ಸ್ಟೇರಿಂಗಿಗೆ ಹಣೆ ಒತ್ತಿಕೊಂಡು ಮಗುವಿನ ಹಾಗೆ ಅತ್ತ.

"ಗಾಳಿ ಸ್ವಲ್ಪ ಬಿಟ್ಟಿದ್ರೆ ಸಾಕಿತ್ತು ಕಣೋ ಭೂತಯ್ಯ," ಅಂದ. "ನಾನು ದಿನಾ ತುಂಬಿಸ್ತಿದ್ದೆ."